ಯೋಚನೆ ನಿಧಾನವಾಗುವುದೂ ಎಂಎಸ್‌ನ ಲಕ್ಷಣವೇ

ಮಲ್ಟಿಪಲ್ ಸ್ಕ್ಲಿರೋಸಿಸ್, ಅಂದರೆ ಎಂಎಸ್, ಹೆಚ್ಚಾಗಿ 20ರಿಂದ 40ರ ವಯಸ್ಸಿನಲ್ಲಿ ಶುರುವಾಗುವ ಕಾಯಿಲೆ. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ. ದೇಹವನ್ನು ಕಾಯಬೇಕಾದ ರೋಗನಿರೋಧಕ ಶಕ್ತಿಯೇ ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲಿನ ಮಯಲಿನ್ ಪೊರೆಯನ್ನು ಕೆಡಿಸುತ್ತದೆ. ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು ಬೇಗ ಗಮನಕ್ಕೆ ಬರುತ್ತವೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಎಳೆ ತಪ್ಪುವುದು, ಗೊತ್ತಿರುವ ಪದವೇ ಬಾಯಿಗೆ ಬಾರದಿರುವುದು ಮಾತ್ರ ಯಾರಿಗೂ ಕಾಣುವುದಿಲ್ಲ. ಅದನ್ನು ಮನೆಯವರು ಸೋಮಾರಿತನ ಎಂದರೆ, ಆಫೀಸಿನವರು ಅಸಡ್ಡೆ ಎನ್ನುತ್ತಾರೆ. ಎರಡೂ ತಪ್ಪು. ಫ್ರಾನ್ಸಿನ ವೈದ್ಯ ಷಾರ್ಕೋ ಈ ಮರೆವನ್ನೂ ಮಂದಗತಿಯನ್ನೂ 19ನೇ ಶತಮಾನದಲ್ಲೇ ದಾಖಲಿಸಿದ್ದ. ನಡಿಗೆ ಚೆನ್ನಾಗಿರುವ ಆರಂಭದ ದಿನಗಳಲ್ಲೂ ಇದು ಇರಬಹುದು. ಕೆಲಸ, ಸಂಸಾರ, ನೆಮ್ಮದಿ ಮೂರನ್ನೂ ಕಾಡಬಹುದು.

ನಿಮಗೂ ಹೀಗಾಗುತ್ತಿದ್ದರೆ ಮೊದಲು ಬರೆದಿಡಿ. ಒಂದೆರಡು ವಾರ ಯಾವ ಹೊತ್ತಿಗೆ ತಲೆ ಮಂಕಾಯಿತು, ಹಿಂದಿನ ರಾತ್ರಿ ನಿದ್ದೆ ಹೇಗಿತ್ತು, ಸೆಕೆ ಇತ್ತೇ ಎಂದು ಗುರುತು ಹಾಕಿ. ಜೊತೆಗಿರುವವರು ಕಂಡದ್ದನ್ನೂ ಸೇರಿಸಿ. ಆ ಚೀಟಿಯನ್ನು ನರರೋಗ ತಜ್ಞರ ಮುಂದಿಡಿ. ಹೇಳದಿದ್ದರೆ ಅವರು ಕೇಳದೆಯೇ ಇರಬಹುದು.

ಎರಡನೆಯದು ಪರೀಕ್ಷೆ. ಇದನ್ನು ನೀವೇ ಕೇಳಿ ಮಾಡಿಸಿಕೊಳ್ಳಬೇಕು. ಎಸ್‌ಡಿಎಂಟಿ ಎಂಬ ಸರಳ ಪರೀಕ್ಷೆಯಲ್ಲಿ ಒಂಬತ್ತು ಚಿಹ್ನೆಗಳಿಗೆ ಒಂದೊಂದು ಅಂಕಿ ಕೊಟ್ಟಿರುತ್ತಾರೆ. 90 ಸೆಕೆಂಡುಗಳಲ್ಲಿ ಎಷ್ಟು ಚಿಹ್ನೆಗಳಿಗೆ ಸರಿಯಾದ ಅಂಕಿ ಹೇಳುತ್ತೀರಿ ಎಂಬುದೇ ಲೆಕ್ಕ. ಎಂಎಸ್‌ನಲ್ಲಿ ಸಾಮಾನ್ಯವಾಗಿ ಮೊದಲು ತಗ್ಗುವುದು ಯೋಚನೆಯ ವೇಗ. ಇದು ಅದನ್ನೇ ಅಳೆಯುತ್ತದೆ. ದೂರು ಇರಲಿ ಬಿಡಲಿ, ರೋಗ ಪತ್ತೆಯಾದ ಹೊಸತರಲ್ಲೇ ಒಮ್ಮೆ ಮಾಡಿಸಿ, ವರ್ಷಕ್ಕೊಮ್ಮೆ ಹೋಲಿಸಿ ನೋಡಬೇಕು. ನಾಲ್ಕು ಅಂಕ ಇಳಿದರೂ ವೈದ್ಯರೊಂದಿಗೆ ಚರ್ಚಿಸಿ. ಪದಗಳನ್ನು ನೆನಪಿಡುವ ಪರೀಕ್ಷೆಯಾದರೆ ಕನ್ನಡದಲ್ಲೇ ಆಗಲಿ ಎಂದು ಕೇಳಿ. ಬಾರದ ಭಾಷೆಯಲ್ಲಿ ಸೋತರೆ ಅದು ಮಿದುಳಿನ ಸೋಲಲ್ಲ.

ಬೇರೆ ಕಾರಣಗಳನ್ನೂ ಹುಡುಕಿಸಿ. ಥೈರಾಯ್ಡ್, ಬಿ12 ಕೊರತೆ, ನಿದ್ದೆಗೇಡು, ಖಿನ್ನತೆ ಎಲ್ಲವೂ ಬುದ್ಧಿಗೆ ಮಬ್ಬು ಕವಿಸುತ್ತವೆ, ಇವಕ್ಕೆ ಚಿಕಿತ್ಸೆಯೂ ಇದೆ. ಸ್ನಾಯು ಬಿಗಿತಕ್ಕೆ, ನೋವಿಗೆ, ಮೂತ್ರದ ಅವಸರಕ್ಕೆ ಕೊಡುವ ಕೆಲವು ಮಾತ್ರೆಗಳೂ ಮಂಕು ತರಬಹುದು. ಹಾಗೆಂದು ನೀವೇ ನಿಲ್ಲಿಸಬೇಡಿ. ಸ್ನಾಯು ಬಿಗಿತಕ್ಕೆ ಕೊಡುವ ಬ್ಯಾಕ್ಲೋಫೆನ್‌ನಂಥದ್ದನ್ನು ಥಟ್ಟನೆ ಬಿಡುವುದು ಅಪಾಯ. ಮನಸ್ಸು ಕುಗ್ಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ರಾಯಚೂರು, ಕಲಬುರಗಿಯ ಕಡೆಯವರಿಗೆ ಬೇಸಿಗೆಯ ಬಗ್ಗೆ ಒಂದು ಮಾತು. ಮೈ ಬಿಸಿಯೇರಿದಾಗ ಪೊರೆ ಸವೆದ ನರಗಳಲ್ಲಿ ಸಂದೇಶ ಇನ್ನಷ್ಟು ತಡವರಿಸುತ್ತದೆ. ತಣ್ಣೀರು ಸ್ನಾನ, ಫ್ಯಾನು, ಮಧ್ಯಾಹ್ನದ ವಿಶ್ರಾಂತಿಯಿಂದ ಮೈ ತಣಿದಂತೆ ಆ ತೊಂದರೆ ಇಳಿಯುತ್ತದೆ. ಜ್ವರವಿಲ್ಲದೆಯೂ ಹೊಸ ತೊಂದರೆ 24 ಗಂಟೆ ದಾಟಿದರೆ ವೈದ್ಯರಿಗೆ ತಿಳಿಸಿ.

ದಿನದ ಕೆಲಸವನ್ನು ಮರುಜೋಡಿಸಿ. ಬ್ಯಾಂಕು, ಲೆಕ್ಕಪತ್ರ, ಮುಖ್ಯವಾದ ಮಾತುಕತೆ ತಲೆ ಹಗುರಾಗಿರುವ ಹೊತ್ತಿಗೆ. ಒಂದು ಸಲಕ್ಕೆ ಒಂದೇ ಕೆಲಸ, ಟಿವಿ ಬಂದ್. ಓದಿದ್ದನ್ನು ಮುಚ್ಚಿಟ್ಟು ನೆನಪು ಮಾಡಿಕೊಳ್ಳಿ, ಸ್ವಲ್ಪ ಬಿಟ್ಟು ಮತ್ತೊಮ್ಮೆ. ಬರೀ ತಿರುಗಿ ಓದುವುದಕ್ಕಿಂತ ಹೀಗೆ ಚೆನ್ನಾಗಿ ಉಳಿಯುತ್ತದೆ. ನಡಿಗೆ, ವ್ಯಾಯಾಮ ಬಿಡಬೇಡಿ. ಬೀಡಿ, ಸಿಗರೇಟು ಬಿಡಿ. ಎಂಎಸ್‌ನ ಮರೆವಿಗೆಂದೇ ಅಂಗೀಕೃತವಾದ ಮಾತ್ರೆ ಇಲ್ಲ, ಆದ್ದರಿಂದ ನೆನಪಿನ ಟಾನಿಕ್ಕುಗಳಿಗೆ ಹಣ ಸುರಿಯಬೇಡಿ. ಹೊಸ ಹಾನಿಯನ್ನು ತಗ್ಗಿಸುವ ಮುಖ್ಯ ಚಿಕಿತ್ಸೆಯನ್ನು ತಪ್ಪಿಸದಿರುವುದೇ ಮೇಲು.

ಕೊನೆಗೆ ನೌಕರಿ. ಹೆದರಿ ರಾಜೀನಾಮೆ ಬರೆಯುವ ಮುನ್ನ ಕಾನೂನು ತಿಳಿಯಿರಿ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿ ಎಂಎಸ್ ಕೂಡ ಇದೆ. ಸೇವೆಯಲ್ಲಿದ್ದಾಗ ಅಂಗವೈಕಲ್ಯ ಬಂದಿತೆಂದು ಸರ್ಕಾರಿ ನೌಕರರನ್ನು ತೆಗೆದುಹಾಕುವಂತಿಲ್ಲ, ಹುದ್ದೆಯಲ್ಲಿ ಇಳಿಸುವಂತಿಲ್ಲ. ಕಾಯ್ದೆಯ ಕೆಲವು ಸೌಲಭ್ಯಗಳಿಗೆ ಕನಿಷ್ಠ ಶೇ 40ರಷ್ಟು ಅಂಗವೈಕಲ್ಯದ ಪ್ರಮಾಣಪತ್ರ ಬೇಕು. ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಎಂಆರ್‌ಐ ವರದಿಯ ಜೊತೆಗೆ ಬುದ್ಧಿಸಾಮರ್ಥ್ಯ ಪರೀಕ್ಷೆಯ ವರದಿಯನ್ನೂ ಲಗತ್ತಿಸಿ.