ನೀರು, ನೆರಳು, ನೆಲೆ: ಬಳ್ಳಾರಿ ಸೀಮೆಯ ಮನೆ ಮತ್ತು ಹಿತ್ತಲು

ಬಳ್ಳಾರಿ ನಗರದ ಪಾರ್ವತಿನಗರದಂತಹ ಬಡಾವಣೆಗಳಲ್ಲಿ ಮನೆ ಮಾಡಿಕೊಂಡಿರುವವರಲ್ಲಿ ಸಿರುಗುಪ್ಪ, ಕುರುಗೋಡು ಕಡೆಯ ರೈತ ಮನೆತನಗಳೂ ಇವೆ. ಊರು ಬಿಟ್ಟು ಬಂದದ್ದೇಕೆ ಎಂದರೆ ಮಕ್ಕಳ ಓದು, ಆಸ್ಪತ್ರೆ, ವ್ಯಾಪಾರ ಎನ್ನುತ್ತಾರೆ. ಅವು ನಿಜವಾದ ಕಾರಣಗಳೇ. ಆದರೆ ಅವುಗಳ ಹಿಂದೆ ಇನ್ನೂ ಹಳೆಯದೊಂದು ಕಾರಣವಿದೆ. ಈ ಸೀಮೆಯಲ್ಲಿ ಜನ ನೆಲೆ ನಿಂತದ್ದು, ನೆಲೆ ಬಿಟ್ಟದ್ದು ಎರಡೂ ಬಹುಮಟ್ಟಿಗೆ ನೀರು ಮತ್ತು ನೆರಳನ್ನು ಅನುಸರಿಸಿಯೇ. ಇದನ್ನು ಅರಿತರೆ ಹೊಸ ಮನೆಗೆ ಜಾಗ ಆರಿಸುವುದಕ್ಕೂ, ಇರುವ ಮನೆಯನ್ನು ವಾಸಕ್ಕೆ ಹಿತವಾಗಿಸುವುದಕ್ಕೂ ಉಪಯೋಗವಾಗುತ್ತದೆ.

ಮೊದಲು ಹವಾಗುಣವನ್ನು ನೋಡೋಣ. ಬಳ್ಳಾರಿಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500 ಮಿ.ಮೀ. ಅದರಲ್ಲಿ ಹೆಚ್ಚಿನ ಪಾಲು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಬರುತ್ತದೆ. ಬಿಸಿಲು ಮತ್ತು ಗಾಳಿ ಒಂದು ವರ್ಷದಲ್ಲಿ ಹೀರಬಲ್ಲ ನೀರು ಇದರ ಮೂರು ಪಟ್ಟಿಗೂ ಹೆಚ್ಚು. ಏಪ್ರಿಲ್-ಮೇ ತಿಂಗಳಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಇಲ್ಲಿ ಸಾಮಾನ್ಯ. ಅದು ಮುಗಿಯುತ್ತಿದ್ದಂತೆ ಪಡುವಣದಿಂದ ಆಷಾಢದ ಒಣಗಾಳಿ ಬೀಸತೊಡಗುತ್ತದೆ.

ಇಂತಹ ಕಡೆ ಹಿಂದಿನವರು ಊರು ಕಟ್ಟಿದ ಜಾಗಗಳನ್ನು ಗಮನಿಸಬೇಕು. ಬಳ್ಳಾರಿ ಪಟ್ಟಣ ಬಂಡೆಗುಡ್ಡಗಳ ಬುಡದಲ್ಲಿದೆ. ಕುರುಗೋಡೂ ಹಾಗೆಯೇ ಗುಡ್ಡದ ಮಗ್ಗುಲಲ್ಲಿದೆ. ಸಿರುಗುಪ್ಪ ಹೊಳೆಯ ಆಸರೆಯಲ್ಲಿದೆ. ಎರೆ ಭೂಮಿ ಬೆಳೆಗೆ ಒಳ್ಳೆಯದು, ಮನೆಗೆ ಅಲ್ಲ. ನೀರು ಕುಡಿದಾಗ ಅದು ಉಬ್ಬುತ್ತದೆ, ಒಣಗಿದಾಗ ಕೈ ತೂರುವಷ್ಟು ಅಗಲಕ್ಕೆ ಬಿರಿಯುತ್ತದೆ. ಅದರ ಮೇಲಿನ ಗೋಡೆಯೂ ಜೊತೆಗೇ ಬಿರಿಯುತ್ತದೆ. ಎರೆ ಸೀಮೆಯ ಎಷ್ಟೋ ಬಾವಿಗಳ ನೀರು ಸಪ್ಪೆಯಲ್ಲ, ಸವುಳು. ಆದುದರಿಂದ ಗಟ್ಟಿ ನೆಲ ಮತ್ತು ಸಿಹಿನೀರು ಎರಡೂ ಕೂಡುವ ಕಡೆ ಊರು, ಅದರ ಸುತ್ತ ಹೊಲ ಎಂಬ ಏರ್ಪಾಡು ಬೆಳೆಯಿತು.

ಮನೆಯೂ ಹವಾಗುಣಕ್ಕೆ ತಕ್ಕಂತೆಯೇ ಇತ್ತು: ದಪ್ಪ ಗೋಡೆ, ಕಿರಿದಾದ ಕಿಟಕಿ, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆಗೆ ಹಾಕುತ್ತಿದ್ದುದು ಚೌಳು ಮಣ್ಣು. ಹೊಲದಲ್ಲಿ ಯಾವ ಮಣ್ಣನ್ನು ಕಂಡರೆ ರೈತ ಹೆದರುತ್ತಾನೋ ಅದೇ ಮಣ್ಣು ತಲೆಯ ಮೇಲೆ ಕಾಪಾಡುತ್ತಿತ್ತು! ಸೋಡಿಯಂ ಹೆಚ್ಚಿರುವ ಜೇಡಿಯ ಕಣಗಳು ನೀರು ತಗಲಿದೊಡನೆ ಚದುರಿ ಮಣ್ಣಿನ ರಂಧ್ರಗಳನ್ನು ಮುಚ್ಚಿಬಿಡುತ್ತವೆ. ಹೊಲದಲ್ಲಿ ನೀರು ಇಂಗದಂತೆ ಮಾಡುವ ಈ ಗುಣವೇ ಮಾಳಿಗೆ ಸೋರದಂತೆ ಮಾಡುತ್ತಿತ್ತು. ಇದನ್ನು ಯಾವ ಪ್ರಯೋಗಶಾಲೆಯೂ ಅವರಿಗೆ ಹೇಳಿಕೊಟ್ಟಿರಲಿಲ್ಲ.

ಮಳೆ ಕೈಕೊಟ್ಟಾಗ ಈ ಜಾಣ್ಮೆಯೂ ಸಾಲದೆ ಹೋಯಿತು. 1876-78ರ ಧಾತು-ಈಶ್ವರ ಬರದಲ್ಲಿ ಬಳ್ಳಾರಿ ಜಿಲ್ಲೆ ಅನುಭವಿಸಿದ ಸಾವುನೋವು ಬಹಳ. ದುಡಿಮೆ ಹುಡುಕಿ ಗುಳೆ ಹೋಗುವುದು ಇಲ್ಲಿನ ಬಡವರಿಗೆ ಇಂದಿಗೂ ತಪ್ಪಿಲ್ಲ. ಗುಳೆ ಹೋಗುವವನನ್ನು ನೆಲೆ ಆರಿಸಿಕೊಳ್ಳುವವನು ಎನ್ನಲಾಗದು. ಆರಿಸಿಕೊಳ್ಳುವ ಅನುಕೂಲ ನೆಲವೂ ಹಣವೂ ಇದ್ದವರಿಗೆ ಮಾತ್ರ.

ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ಕಾಲುವೆಗೆ ನೀರು ಬಂದ ಮೇಲೆ ಜನರ ಓಡಾಟದ ದಿಕ್ಕೇ ತಿರುಗಿತು. ಕೃಷ್ಣಾ, ಗೋದಾವರಿ ಮುಖಜ ಭೂಮಿಯ ರೈತರು ಅಲ್ಲಿ ಒಂದೆಕರೆ ಮಾರಿದರೆ ಇಲ್ಲಿ ಹಲವು ಎಕರೆ ಕೊಳ್ಳಬಹುದೆಂದು ಬಂದು ಸಿರುಗುಪ್ಪ, ಗಂಗಾವತಿ, ಸಿಂಧನೂರು ಭಾಗಗಳಲ್ಲಿ ನೆಲೆಸಿದರು. ಅವರ ಊರುಗಳಿಗೆ ಇಂದಿಗೂ ಕ್ಯಾಂಪ್ ಎಂದೇ ಹೆಸರು. ಭತ್ತದ ಜೊತೆಗೆ ತಮ್ಮ ಮನೆಯಂಗಳವನ್ನೂ ಅವರು ತಂದರು. ಬರಿಯ ಎರೆ ಬಯಲಿನ ನಡುವೆ ತೆಂಗು, ನುಗ್ಗೆ, ಬಾಳೆ ಕಾಣಿಸಿಕೊಂಡವು. ಪರ ಊರಿನಲ್ಲಿ ಮನಸ್ಸು ನಿಲ್ಲಬೇಕಾದರೆ ಕಣ್ಣಿಗೆ ಪರಿಚಯದ ಗಿಡ ಬೇಕು ಎನ್ನುವುದು ನನ್ನ ಅಭಿಪ್ರಾಯ.

ಆದರೆ ಈ ಯೋಜನೆಯ ನೀರನ್ನು ಬಹುಪಾಲು ಹತ್ತಿ, ಜೋಳ, ಕಡಲೆಕಾಯಿಯಂತಹ ಹಗುರ ನೀರಾವರಿ ಬೆಳೆಗಳಿಗೆಂದು ಲೆಕ್ಕ ಹಾಕಲಾಗಿತ್ತು. ಒಂದೆಕರೆ ಭತ್ತಕ್ಕೆ ಬೇಕಾಗುವ ನೀರಿನಲ್ಲಿ ಎರಡೆಕರೆಗೂ ಹೆಚ್ಚು ಜೋಳ ಬೆಳೆಯಬಹುದು. ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಹೆಚ್ಚಿದಂತೆ ಅಲ್ಲಿನ ನೆಲ ಸವುಳು-ಜವುಳಾಯಿತು. ಕೊನೆಯ ಭಾಗಕ್ಕೆ ನೀರು ಸರಿಯಾಗಿ ತಲುಪದಾಯಿತು. ಜಲಾಶಯದ ಸಾಮರ್ಥ್ಯವೂ ಹೂಳಿನಿಂದಾಗಿ ಮೊದಲಿನ ಸುಮಾರು 133 ಟಿ.ಎಂ.ಸಿ. ಅಡಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೆಯ ಗೇಟು ಕೊಚ್ಚಿಹೋದಾಗ ನಾಲ್ಕಾರು ಜಿಲ್ಲೆಗಳ ರೈತರು ಉಸಿರು ಬಿಗಿಹಿಡಿದು ಕುಳಿತಿದ್ದರು. ಹೀಗೆ ಒಂದು ಕಡೆ ನೀರು ಹೆಚ್ಚಾಗಿ, ಇನ್ನೊಂದು ಕಡೆ ಸಾಲದಾಗಿ ಹೊಲ ಕೈಬಿಡುತ್ತಿದ್ದಂತೆ, ಅನುಕೂಲವಿದ್ದವರು ನಗರದಲ್ಲಿ ಸೈಟು ಕೊಳ್ಳುತ್ತಾರೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಬಳ್ಳಾರಿ ನಗರದ ಕುಡಿಯುವ ನೀರಿಗೂ ತುಂಗಭದ್ರೆಯೇ ಆಧಾರ. ಮೇಲ್ಮಟ್ಟದ ಕಾಲುವೆಯ ನೀರನ್ನು ಅಲ್ಲೀಪುರದ ಕೆರೆಯಲ್ಲಿ ತುಂಬಿಸಿಕೊಳ್ಳಲಾಗುತ್ತದೆ. ಕೆಳಮಟ್ಟದ ಕಾಲುವೆಯ ಕೊನೆಯ ಹೊಲ ಬಿಟ್ಟು ಬಂದವನು ನಗರದ ನಲ್ಲಿ ತಿರುಗಿಸಿದಾಗ ಬರುವುದೂ ಅದೇ ಜಲಾಶಯದ ನೀರು. ಊರು ಬದಲಾಯಿತು, ನೀರಿನ ಋಣ ಬದಲಾಗಲಿಲ್ಲ. ಆದುದರಿಂದ ನಗರದ ಹಿತ್ತಲಿಗೂ ಹೊಲದಂತೆಯೇ ನೀರಿನ ಲೆಕ್ಕ ಬೇಕು.

ಈ ಲೆಕ್ಕ ಸುಲಭವಾದದ್ದು. ಒಂದು ಚದರ ಮೀಟರ್ ಜಾಗಕ್ಕೆ ಒಂದು ಮಿ.ಮೀ. ನೀರೆಂದರೆ ಒಂದು ಲೀಟರ್. ಕಡುಬೇಸಿಗೆಯಲ್ಲಿ ದಿನಕ್ಕೆ ಸುಮಾರು 8 ಮಿ.ಮೀ. ನೀರನ್ನು ಹವೆ ಕೇಳುತ್ತದೆ ಎಂದಿಟ್ಟುಕೊಳ್ಳಿ. 20 ಅಡಿ ಉದ್ದ, 20 ಅಡಿ ಅಗಲದ ಹುಲ್ಲುಹಾಸು ಸುಮಾರು 37 ಚದರ ಮೀಟರ್; ಅದನ್ನು ಹಸಿರಾಗಿಡಲು ದಿನಕ್ಕೆ 240 ಲೀಟರಿನಷ್ಟು ನೀರು ಬೇಕು. ಐದು ಜನರ ಮನೆಯಲ್ಲಿ ತಲೆಗೆ 30 ಲೀಟರಿನಂತೆ ಬಚ್ಚಲಿಂದ ಹೊರಬೀಳುವುದು 150 ಲೀಟರ್. ಹುಲ್ಲಿಗೆ ಸಾಲದ ಈ ನೀರು, 5 ಚದರ ಮೀಟರ್ ಹರವಿನ ಆರು ಹಣ್ಣಿನ ಗಿಡಗಳನ್ನು ಬೇಸಿಗೆ ದಾಟಿಸುತ್ತದೆ. ಹುಲ್ಲುಹಾಸು ತಂಪು ದೇಶದ ಶೋಕಿ. ನಮ್ಮ ಬಿಸಿಲಿಗೆ ಬೇಕಾದುದು ನೆರಳು.

ನೆರಳು ಎಲ್ಲಿ ಬೀಳಬೇಕೆಂಬುದೂ ಮುಖ್ಯ. ಮಧ್ಯಾಹ್ನದ ಮೇಲೆ ಕಾಯುವುದು ಪಡುವಣ ಗೋಡೆ. ಆಷಾಢದ ಗಾಳಿ ಬಡಿಯುವುದೂ ಅದಕ್ಕೇ. ಜಾಗವಿದ್ದರೆ ಪಡುವಣಕ್ಕೆ ಬೇವು ಅಥವಾ ಹೊಂಗೆ ಹಾಕಬೇಕು. ಎರಡೂ ಸ್ವಲ್ಪ ಸವುಳನ್ನು ತಡೆದುಕೊಳ್ಳುತ್ತವೆ, ಹೊಂಗೆಯಂತೂ ಬೇಸಿಗೆಯಲ್ಲೇ ತಳಿರೊಡೆದು ಮನೆಗೆ ಬೇಕಾದಾಗ ನೆರಳು ಕೊಡುತ್ತದೆ. ಆದರೆ ಎರೆ ಮಣ್ಣಿನ ಸೈಟಿನಲ್ಲಿ ದೊಡ್ಡ ಮರವನ್ನು ಗೋಡೆಯಿಂದ 15-20 ಅಡಿ ದೂರವಿಡಬೇಕು. ಬೇರು ಬುನಾದಿಯ ಬಳಿಯ ತೇವ ಹೀರಿದರೆ ಮಣ್ಣು ಕುಗ್ಗಿ ಗೋಡೆ ಸೀಳುತ್ತದೆ. 30x40 ಅಡಿ ಸೈಟಿನಲ್ಲಿ ಇದು ಆಗದ ಮಾತು. ಅಲ್ಲಿ ಪಡುವಣ ಗೋಡೆಗೆ ತೊಂಡೆ ಅಥವಾ ಹೀರೆಯ ಚಪ್ಪರ ಹಾಕಿದರೆ ಗೋಡೆ ಕಾಯುವುದು ತಪ್ಪುತ್ತದೆ, ಪಲ್ಯಕ್ಕೂ ಆಗುತ್ತದೆ. ಪಾತಿ ಗೋಡೆಯಿಂದ ಐದಾರು ಅಡಿ ದೂರವಿರಲಿ; ಬುನಾದಿಗೆ ನೀರು ಉಣಿಸುವುದೂ ಅಷ್ಟೇ ಕೆಡುಕು.

ಸ್ನಾನದ ನೀರು ಗಿಡಕ್ಕೆ ಆಗುತ್ತದೆ. ಬಟ್ಟೆ ಒಗೆದ ಪುಡಿಯ ನೀರನ್ನು ಮಾತ್ರ ಎರೆ ಮಣ್ಣಿಗೆ ಬಿಡಬಾರದು. ಅದರಲ್ಲಿ ಸೋಡಿಯಂ ಇರುತ್ತದೆ. ವರ್ಷಗಟ್ಟಲೆ ಬಿಟ್ಟರೆ ನಾವೇ ಅಂಗಳದಲ್ಲಿ ಚೌಳು ಮಣ್ಣು ತಯಾರಿಸಿದಂತೆ. ಈಗಾಗಲೇ ಮಣ್ಣಿನ ರಸಸಾರ 8.5 ದಾಟಿದ್ದರೆ ಮಣ್ಣು ಪರೀಕ್ಷೆಯ ವರದಿಯಲ್ಲಿ ಸೂಚಿಸಿದಷ್ಟು ಜಿಪ್ಸಂ ಮತ್ತು ಕೊಟ್ಟಿಗೆ ಗೊಬ್ಬರ ಬೆರೆಸಿ, ನೀರು ಬಸಿದುಹೋಗಲು ದಾರಿ ಮಾಡಬೇಕು.

ಹಣ್ಣಿನ ಗಿಡಗಳಲ್ಲಿ ಪೇರಲ, ಚಿಕ್ಕು, ಬೋರೆ, ನೆಲ್ಲಿ ಈ ಮಣ್ಣಿಗೆ ಹೊಂದುತ್ತವೆ. ಮಾವು, ನಿಂಬೆ, ಪಪ್ಪಾಯಿಗೆ ಸವುಳು ಆಗದು. ಅಂಜೂರವನ್ನು ವಿಶೇಷವಾಗಿ ಹೇಳಬೇಕು. ಬಳ್ಳಾರಿಯ ಹೆಸರನ್ನೇ ಹೊತ್ತ ಅಂಜೂರದ ತಳಿ ಇದೆ. ಹಣ್ಣು ಮಾಗುವಾಗ ಮಳೆ ಬಿದ್ದರೆ ಒಡೆಯುತ್ತದೆ, ತೇವ ಹೆಚ್ಚಾದರೆ ಎಲೆಗೆ ತುಕ್ಕು ರೋಗ ಬರುತ್ತದೆ. ನಾವು ಬೈಯುವ ಒಣಹವೆಯೇ ಅದಕ್ಕೆ ಹಿತ. ಬುಡದಲ್ಲಿ ನೀರು ಮಾತ್ರ ನಿಲ್ಲಬಾರದು. ಬೇಲಿಗೆಂದು ಬಳ್ಳಾರಿ ಜಾಲಿಯನ್ನು ಯಾರೂ ಬೆಳೆಸಬೇಡಿರಿ. ಹೊರದೇಶದಿಂದ ಬಂದ ಆ ಗಿಡ ನಮ್ಮ ಊರಿನ ಹೆಸರು ಪಡೆದು ನಮ್ಮ ಹೊಲ, ಹಳ್ಳಗಳನ್ನೇ ನುಂಗಿದೆ.

ನೆಡುವ ಕಾಲದಲ್ಲಿ ಅವಸರ ಬೇಡ. ಮೇ ತಿಂಗಳಲ್ಲಿ 3 ಅಡಿ ಆಳ-ಅಗಲದ ಗುಂಡಿ ತೆಗೆದು ಬಿಸಿಲಿಗೆ ಬಿಡಿರಿ. ಮೇಲ್ಮಣ್ಣಿಗೆ ಕೆಮ್ಮಣ್ಣು ಮತ್ತು ಎರಡು ಬುಟ್ಟಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ, ನೆಲಮಟ್ಟಕ್ಕಿಂತ ಒಂದು ಗೇಣು ಎತ್ತರಕ್ಕೆ ತುಂಬಿರಿ. ಇಲ್ಲದಿದ್ದರೆ ಎರೆಯಲ್ಲಿನ ಗುಂಡಿ ಬೋಗುಣಿಯಂತೆ ನೀರು ಹಿಡಿದು ಬೇರು ಕೊಳೆಯುತ್ತದೆ. ಆಷಾಢದ ಗಾಳಿ ತಗ್ಗಿದ ಮೇಲೆ, ಆಗಸ್ಟ್ ಕೊನೆಯ ಹೊತ್ತಿಗೆ ಸಸಿ ನೆಟ್ಟು ಪಡುವಣದ ಮಗ್ಗುಲಿಗೆ ಊರುಗೋಲು ಕಟ್ಟಿರಿ. ಸೆಪ್ಟೆಂಬರಿನ ಹಿಂಗಾರಿ ಮಳೆ ಅದಕ್ಕೆ ಬೇರು ಬಿಡಿಸುತ್ತದೆ. ಮೊದಲ ಎರಡು ಬೇಸಿಗೆ ಬುಡಕ್ಕೆ ಜೋಳದ ದಂಟು ಇಲ್ಲವೆ ಭತ್ತದ ಹುಲ್ಲನ್ನು ನಾಲ್ಕು ಬೆರಳು ದಪ್ಪ ಹೊದಿಸಿ, ನೀರನ್ನು ಸಂಜೆ ಕೊಡಿರಿ.