ಕೋಳಿಗಳ ಕೊಕ್ಕರೆ ರೋಗವೂ ರಕ್ತಪರೀಕ್ಷೆಯೂ

ಕೋಳಿಗಳಿಗೆ ತಗಲುವ ಅಂಟುಜಾಡ್ಯಗಳಲ್ಲಿ ಕೊಕ್ಕರೆ ರೋಗವು ಅತಿ ಕ್ರೂರವಾದುದು. ೧೯೨೬ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕ್ಯಾಸಲ್ ಪಟ್ಟಣದ ಬಳಿಯಲ್ಲಿಯೂ ಇದು ಗುರುತಿಗೆ ಬಂದಿತು. ನಮ್ಮ ದೇಶದಲ್ಲಿ ೧೯೨೭ರಲ್ಲಿ ರಾಣಿಖೇತ್‌ನಲ್ಲಿ ಕಂಡುದರಿಂದ ಆ ಊರಿನ ಹೆಸರೇ ರೋಗಕ್ಕೂ ಬಂದಿದೆ. ಏದುಸಿರು, ಹಸುರು ಭೇದಿ, ಕತ್ತು ತಿರುಚುವಿಕೆ ಇವು ಇದರ ಲಕ್ಷಣಗಳು. ಆದರೆ ಇವೇ ಲಕ್ಷಣಗಳು ಹಕ್ಕಿಜ್ವರದಲ್ಲಿಯೂ ತೋರಬಹುದಾದ್ದರಿಂದ ಕಣ್ಣಿನಿಂದ ನೋಡಿಯೇ ರೋಗವನ್ನು ನಿರ್ಣಯಿಸಲಾಗದು. ರೋಗಕಾರಕವಾದ ವಿಷಾಣುವಾದರೋ ಸಾಮಾನ್ಯ ಸೂಕ್ಷ್ಮದರ್ಶಕಕ್ಕೂ ಕಾಣದಷ್ಟು ಚಿಕ್ಕದು. ಅದನ್ನು ಕಾಣದೆಯೇ ಅದು ಹೊಕ್ಕ ಗುರುತನ್ನು ಹಿಡಿಯುವ ಉಪಾಯವೇ ರಕ್ತಪರೀಕ್ಷೆ.

ತತ್ತ್ವ.— ಇನ್‌ಫ್ಲುಯೆಂಜಾ ವಿಷಾಣುವು ಕೋಳಿಯ ಕೆಂಪು ರಕ್ತಕಣಗಳನ್ನು ಒಂದಕ್ಕೊಂದು ಅಂಟಿಸುವುದೆಂದು ೧೯೪೧ರಲ್ಲಿ ಅಮೆರಿಕೆಯ ಜಾರ್ಜ್ ಹರ್ಸ್ಟ್ ಎಂಬ ವಿಜ್ಞಾನಿಯು ಕಂಡುಹಿಡಿದನು. ಕೊಕ್ಕರೆ ರೋಗದ ವಿಷಾಣುವಿಗೂ ಇದೇ ಗುಣವುಂಟು. ರೋಗ ತಗಲಿದ ಆರರಿಂದ ಹತ್ತು ದಿನಗಳಲ್ಲಿ ಕೋಳಿಯ ರಕ್ತದಲ್ಲಿ ಪ್ರತಿಕಾಯಗಳೆಂಬ ರಕ್ಷಕ ವಸ್ತುಗಳು ಕಾಣಿಸಿಕೊಂಡು, ವಿಷಾಣುವಿನ ಈ ಶಕ್ತಿಯನ್ನು ತಡೆಯುತ್ತವೆ.

ವಿಧಾನ.— ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿಯನ್ನು, ಅಂದರೆ ಸೀರಮ್ಮನ್ನು, ೨, ೪, ೮, ೧೬ ಹೀಗೆ ಇಮ್ಮಡಿ ಇಮ್ಮಡಿಯಾಗಿ ತೆಳುಮಾಡಿ ಸಣ್ಣ ಗುಣಿಗಳುಳ್ಳ ತಟ್ಟೆಯಲ್ಲಿ ಹಾಕುತ್ತಾರೆ. ಪ್ರತಿಯೊಂದಕ್ಕೂ ಅಳತೆಮಾಡಿದ ವಿಷಾಣುದ್ರವವನ್ನು ಸೇರಿಸಿ, ಅರ್ಧ ಗಂಟೆಯ ಬಳಿಕ ಕೋಳಿಯ ರಕ್ತಕಣಗಳನ್ನು ಬೆರೆಸುತ್ತಾರೆ. ಪ್ರತಿಕಾಯಗಳಿದ್ದರೆ ಕಣಗಳು ತಳದಲ್ಲಿ ಕೆಂಪು ಗುಂಡಿಯಂತೆ ಇಳಿದು ನಿಲ್ಲುವುವು. ಇಲ್ಲದಿದ್ದರೆ ಚಾಪೆಯಂತೆ ಹರಡುವುವು. ೧೬ ಮಡಿ ತೆಳುವಾದ ಸೀರಮ್ಮಿನಲ್ಲಿಯೂ ಗುಂಡಿ ಕಂಡರೆ ಪ್ರತಿಕಾಯಗಳಿವೆಯೆಂದು ಎಣಿಸಬಹುದು.

ಎಚ್ಚರಿಕೆ.— ಈ ಪರೀಕ್ಷೆಯು ತೋರಿಸುವುದು ವಿಷಾಣುವನ್ನಲ್ಲ, ಪ್ರತಿಕಾಯಗಳನ್ನು ಮಾತ್ರ. ಲಸಿಕೆ ಪಡೆದ ಕೋಳಿಯ ರಕ್ತದಲ್ಲಿಯೂ ಅವು ಇರುವುವು. ರೋಗದ ಮೊದಲ ದಿನಗಳಲ್ಲಿಯಾದರೋ ರೋಗವಿದ್ದರೂ ಅವು ಕಾಣವು. ಆದುದರಿಂದ ಒಂದೇ ಪರೀಕ್ಷೆಯನ್ನು ನಂಬಿ ಮಂದೆಯನ್ನು ಕೊಲ್ಲುವುದಾಗಲಿ, ರೋಗವಿಲ್ಲವೆಂದು ಸಂತೆಗೆ ಒಯ್ಯುವುದಾಗಲಿ ತಪ್ಪು. ರೋಗ ಕಂಡೊಡನೆ ಒಮ್ಮೆ, ಎರಡು ಮೂರು ವಾರಗಳ ಮೇಲೆ ಇನ್ನೊಮ್ಮೆ ರಕ್ತ ತೆಗೆಸತಕ್ಕದ್ದು. ನಡುವೆ ಲಸಿಕೆ ಹಾಕದಿದ್ದರೂ ಪ್ರತಿಕಾಯಗಳ ಮಟ್ಟ ನಾಲ್ಕು ಮಡಿ ಏರಿದ್ದರೆ ಸೋಂಕು ಈಚಿನದೆಂದು ತಿಳಿಯಬೇಕು. ಸಾವು ತಟ್ಟನೆ ಹೆಚ್ಚಿದಲ್ಲಿ ಎರಡನೆಯ ಪರೀಕ್ಷೆಗೆ ಕಾಯದೆ, ಕೂಡಲೇ ಪಶುವೈದ್ಯರಿಗೆ ತಿಳಿಸಿ ವಿಷಾಣುವನ್ನೇ ಹುಡುಕುವ ಪರೀಕ್ಷೆ ಮಾಡಿಸಬೇಕು.

ಲಸಿಕೆಯ ಕಾಲ.— ಲಸಿಕೆ ಪಡೆದ ಹೇಟೆಯ ಪ್ರತಿಕಾಯಗಳು ಮೊಟ್ಟೆಯ ಅರಸಿನದ ಮೂಲಕ ಮರಿಗೂ ಬರುವುವು; ಸುಮಾರು ನಾಲ್ಕೂವರೆ ದಿನಕ್ಕೊಮ್ಮೆ ಅರ್ಧರ್ಧವಾಗಿ ಇಳಿಯುವುವು. ಅವು ಹೆಚ್ಚಾಗಿರುವಾಗ ಹಾಕಿದ ಲಸಿಕೆಯು ಚೆನ್ನಾಗಿ ಹಿಡಿಯದು. ಮರಿಗಳ ರಕ್ತವನ್ನು ಪರೀಕ್ಷಿಸಿ ತಕ್ಕ ದಿನವನ್ನು ಗೊತ್ತುಮಾಡಬಹುದು.

ಸಾಕುವವರು ಮಾಡತಕ್ಕದ್ದು.— ರಕ್ತವನ್ನು ತಿಳಿದವರಿಂದ ರೆಕ್ಕೆಯ ನರದಲ್ಲಿ ತೆಗೆಸಬೇಕು. ಅದು ಹೆಪ್ಪುಗಟ್ಟುವವರೆಗೆ ನಳಿಕೆಯನ್ನು ಓರೆಯಾಗಿಡಬೇಕು, ಬಿಸಿಲಿಗೆ ಒಡ್ಡಬಾರದು. ಕೋಳಿಯ ಗುರುತು, ವಯಸ್ಸು, ರಕ್ತ ತೆಗೆದ ತಾರೀಖು, ಎಲ್ಲಕ್ಕಿಂತ ಮುಖ್ಯವಾಗಿ ಲಸಿಕೆ ಹಾಕಿದ ತಾರೀಖು, ಇವನ್ನು ಬರೆದು ಕಳುಹಿಸಬೇಕು. ಲಸಿಕೆಯ ಲೆಕ್ಕವಿಲ್ಲದ ಮಂದೆಯ ರಕ್ತದಿಂದ ರೋಗದ ನಿಜಸ್ಥಿತಿಯನ್ನು ಹೇಳುವುದು ಕಷ್ಟ.