ಕಾರ್ಡನ್ನು ಬಯ್ಯುವ ಮುಂಚೆ

“ಕಾರ್ಡೇ ಡೂಪ್ಲಿಕೇಟ್ ಇರಬೇಕು ತಾತ” ಅಂತ ತೀರ್ಪು ಕೊಟ್ಟುಬಿಟ್ಟೆ. ಸ್ವಲ್ಪ ತಡಿ ಕಣಪ್ಪ. ಗ್ರಾಫಿಕ್ಸ್ ಕಾರ್ಡ್ ಮನೆಗೆ ಬಂದ ರಾತ್ರಿಯೇ ಅದನ್ನು ಓವರ್‌ಕ್ಲಾಕ್ ಮಾಡಿದೆ. ಅದೇ ರಾತ್ರಿ ಬಯಾಸ್‌ಗೆ ಹೋಗಿ ರ‍್ಯಾಮ್ ವೇಗವನ್ನೂ ಏರಿಸಿದೆ. ಡ್ರೈವರ್ ಹೊಸದು, ವಿಂಡೋಸ್ ಅಪ್‌ಡೇಟೂ ಹೊಸದು. ಬೆಳಿಗ್ಗೆ ಆಟ ಅರ್ಧಕ್ಕೆ ನಿಂತಾಗ ಈ ನಾಲ್ಕರಲ್ಲಿ ಯಾವುದರ ಕೈವಾಡ ಅಂತ ಹೇಗೆ ಹೇಳುವುದು? ನಿನ್ನ ಕೈ ಚುರುಕು, ತಲೆ ಇನ್ನೂ ಚುರುಕು. ಆತುರ ಮಾತ್ರ ಎರಡನ್ನೂ ಮೀರಿಸಿದೆ.

ಶಿಡ್ಲಘಟ್ಟದಲ್ಲಿ ನಿನ್ನ ಅತ್ತೆ ರೇಷ್ಮೆ ಹುಳು ಸಾಕುವುದನ್ನು ನೋಡಿಕೊಂಡೇ ಬೆಳೆದಿದ್ದೀಯ. ಚಾಕಿ ಹುಳುವಿಗೆ, ಅಂದರೆ ಮರಿ ಹುಳುವಿಗೆ, 26ರಿಂದ 28 ಡಿಗ್ರಿ ಶಾಖ, ನೂರಕ್ಕೆ 80–85ರಷ್ಟು ತೇವ ಬೇಕು. ಹುಳು ದೊಡ್ಡದಾದಂತೆ ಎರಡನ್ನೂ ಇಳಿಸಬೇಕು. ಹುಳು ಸೊಪ್ಪು ತಿನ್ನುವುದು ಬಿಟ್ಟರೆ ಅವಳು ಮೊಟ್ಟೆ ಕೊಟ್ಟವನನ್ನು ಬಯ್ಯುತ್ತಾ ಕೂರುವುದಿಲ್ಲ. ಮೊದಲು ಥರ್ಮಾಮೀಟರ್ ನೋಡುತ್ತಾಳೆ. ಆಮೇಲೆ ಸೊಪ್ಪು ಮುಟ್ಟಿ ನೋಡುತ್ತಾಳೆ. ಜ್ವರಕ್ಕೆ, ಅಂದರೆ ಪೊರೆ ಬಿಡಲು, ಕೂತ ಹುಳುವಾದರೆ ಸುಮ್ಮನೆ ಬಿಡುತ್ತಾಳೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಕಾರ್ಡಿನ ವಿಷಯದಲ್ಲೂ ನಾನು ಹೇಳುವುದು ಇಷ್ಟೇ.

ಹಾಗಾದರೆ ಮೊದಲ ಕೆಲಸ: ಏರಿಸಿದ್ದನ್ನೆಲ್ಲ ಇಳಿಸು. ಕಾರ್ಡಿನ ವೇಗ ಏರಿಸಲು ಬಳಸಿದ ಆಫ್ಟರ್‌ಬರ್ನರ್‌ನಲ್ಲಿ ರೀಸೆಟ್ ಒತ್ತು. ಕಂಪ್ಯೂಟರ್ ಆನ್ ಆದಾಗ ತಾನೇ ಸೆಟ್ಟಿಂಗ್ ಹಾಕಿಕೊಳ್ಳುವ ಆಯ್ಕೆಯನ್ನೂ ತೆಗೆ. ಎಷ್ಟೋ ಹುಡುಗರು ಇದನ್ನು ಮರೆತು, “ಸ್ಟಾಕ್‌ನಲ್ಲೂ ಕ್ರ್ಯಾಶ್ ಆಗುತ್ತೆ” ಅಂತ ಅಂಗಡಿಗೆ ಹೊತ್ತು ತರುತ್ತಾರೆ. ಬಯಾಸ್‌ನಲ್ಲಿ ರ‍್ಯಾಮಿನ ವೇಗ ಏರಿಸುವ ಎಕ್ಸ್‌ಎಂಪಿಯನ್ನೂ ಆಫ್ ಮಾಡು. ರ‍್ಯಾಮಿನ ತಪ್ಪಿಗೆ ಕಾರ್ಡು ಬೈಗುಳ ತಿನ್ನುವುದು ದಿನಾ ನಡೆಯುವ ಮಾತು. ಇಷ್ಟು ಮಾಡಿ ಎರಡು ದಿನ ಆಡು. ತೊಂದರೆ ಹೋಯಿತೇ? ಹಾಗಾದರೆ ಕಾರ್ಡು ಚೆನ್ನಾಗಿದೆ, ನೀನೇ ಅದರ ಮೇಲೋ ರ‍್ಯಾಮಿನ ಮೇಲೋ ಜಾಸ್ತಿ ಹೇರಿದ್ದೆ.

ಹೋಗದಿದ್ದರೆ, ಹೇಗೆ ನಿಲ್ಲುತ್ತದೆ ಅನ್ನುವುದನ್ನು ಗಮನಿಸು. “ಕ್ರ್ಯಾಶ್ ಆಯ್ತು” ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಪರದೆ ಒಂದು ಗಳಿಗೆ ಕಪ್ಪಾಗಿ, ಆಟ ಮುಚ್ಚಿಹೋಗಿ, ಡೆಸ್ಕ್‌ಟಾಪ್ ಮತ್ತೆ ಬಂದರೆ ಅದು ಡ್ರೈವರ್ ಬಿದ್ದು ಎದ್ದದ್ದು. ಕಾರ್ಡು ಎರಡು ಸೆಕೆಂಡ್ ಉತ್ತರ ಕೊಡದೆ ಹೋದರೆ ವಿಂಡೋಸ್ ತಾನೇ ಅದನ್ನು ರೀಸೆಟ್ ಮಾಡುತ್ತದೆ. ವಿಸ್ಟಾ ಕಾಲದಿಂದಲೂ ಈ ಏರ್ಪಾಡಿದೆ. ಈವೆಂಟ್ ವ್ಯೂವರ್‌ನಲ್ಲಿ 4101 ಅಂತ ಗುರುತು ಬಿದ್ದಿರುತ್ತದೆ. ರಿಜಿಸ್ಟ್ರಿಗೆ ಹೋಗಿ ಆ ಎರಡು ಸೆಕೆಂಡನ್ನು ಹತ್ತು ಮಾಡು ಅಂತ ಹೇಳಿಕೊಡುವವರಿದ್ದಾರೆ. ಅವರ ಮಾತು ಕೇಳಿದರೆ ಎರಡು ಸೆಕೆಂಡ್ ಹ್ಯಾಂಗ್ ಆಗುತ್ತಿದ್ದದ್ದು ಹತ್ತು ಸೆಕೆಂಡ್ ಹ್ಯಾಂಗ್ ಆಗುತ್ತದೆ, ಅಷ್ಟೆ. ಇಲ್ಲಿ ಹಳೆಯ ಡ್ರೈವರನ್ನು ಸೇಫ್ ಮೋಡ್‌ನಲ್ಲಿ ಡಿಡಿಯು ಅನ್ನುವ ತಂತ್ರಾಂಶದಿಂದ ಪೂರ್ತಿ ತೆಗೆದು, ಹೊಸದಾಗಿ ಹಾಕಿ ನೋಡು.

ಪರದೆಯ ಮೇಲೆ ಬಣ್ಣದ ಚುಕ್ಕಿ, ಚೌಕುಳಿ ಬಂದರೆ ಕಾರ್ಡಿನ ಮೆಮೊರಿಯ ಕಡೆ ತಿರುಗು. ಏರಿಸಿದ್ದಾಗ ಮಾತ್ರ ಬಂದರೆ ಚಿಂತೆಯಿಲ್ಲ, ಇಳಿಸು. ಏನೂ ಏರಿಸದೆ, ಬಯಾಸ್ ಪರದೆಯಲ್ಲೇ ಬಂದರೆ ಬಿಲ್ಲು ಹುಡುಕಿಟ್ಟುಕೋ.

ಇನ್ನು, ಎಚ್ಚರಿಕೆ ಗಿಚ್ಚರಿಕೆ ಏನೂ ಇಲ್ಲದೆ ಇಡೀ ಸಿಸ್ಟಮ್ ಟಪ್ ಅಂತ ಆಫ್ ಆಗುತ್ತದಲ್ಲ, ನಮ್ಮ ಸೀಮೆಯಲ್ಲಿ ಹೆಚ್ಚಾಗಿ ಕಾಡುವುದು ಅದೇ. ಈವೆಂಟ್ 41 ಅಂತ ಕೆಂಪು ಗುರುತಿನ ಜೊತೆ ಬರೆದಿರುತ್ತದೆ, ನೀನು ಹೆದರುತ್ತೀಯ. ಆ 41 ಹೇಳುವುದು “ಸರಿಯಾಗಿ ಮುಚ್ಚದೆ ಆಫ್ ಆಯಿತು” ಅಂತ ಮಾತ್ರ. ಯಾಕೆ ಅಂತ ಅದಕ್ಕೂ ತಿಳಿಯದು. ಯಾಕೆ ಅನ್ನುವುದನ್ನು ಗೋಡೆಯ ಸಾಕೆಟ್ಟಿನಿಂದ ಶುರುಮಾಡಿ ಹುಡುಕಬೇಕು.

ಚಿಂತಾಮಣಿಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟು ಬದುಕಿದವನು ನಾನು. ಇಲ್ಲಿನ ಕರೆಂಟಿನ ಗುಣ ಬಲ್ಲೆ. ನಮ್ಮದು ಸಾವಿರ ಅಡಿ ದಾಟಿದ ಬೋರ್‌ವೆಲ್‌ಗಳ ಜಿಲ್ಲೆ. ಹಳ್ಳಿಗೆ ತ್ರೀ ಫೇಸ್ ಬಂದ ಕೂಡಲೇ ಆಟೋ ಸ್ಟಾರ್ಟರ್ ಹಾಕಿದ ಮೋಟಾರುಗಳೆಲ್ಲ ಒಟ್ಟಿಗೇ ಎದ್ದುಬಿಡುತ್ತವೆ. ಏಳುವಾಗ ಒಂದೊಂದೂ ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಅದೇ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ನಿನ್ನ ಮನೆಗೂ ಲೈನ್ ಬಂದಿದ್ದರೆ ಬಲ್ಬು ಮಂಕಾಗುವುದನ್ನು ನೀನೇ ನೋಡಬಹುದು. ಕಂಪ್ಯೂಟರಿಗೆ ಕರೆಂಟ್ ಹಂಚುವ ಎಸ್‌ಎಂಪಿಎಸ್ ಒಳ್ಳೆಯದಾದರೆ 100ರಿಂದ 240 ವೋಲ್ಟ್‌ವರೆಗೆ ಸುಧಾರಿಸಿಕೊಳ್ಳುತ್ತದೆ. ಮೇಲೆ 450 ವ್ಯಾಟ್ ಅಂತ ಅಚ್ಚು ಹಾಕಿಸಿಕೊಂಡು ಕ್ಯಾಬಿನೆಟ್ ಜೊತೆ ಪುಕ್ಕಟೆ ಬಂದ ಡಬ್ಬ ಸುಧಾರಿಸಿಕೊಳ್ಳುವುದಿಲ್ಲ. ಆಟದಲ್ಲಿ ದೊಡ್ಡ ಸ್ಫೋಟದ ದೃಶ್ಯ ಬಂದಾಗ ಕಾರ್ಡು ಕೆಲವು ಮಿಲಿಸೆಕೆಂಡು ತನ್ನ ಮಾಮೂಲಿ ವ್ಯಾಟನ್ನು ಎಷ್ಟೋ ಮೀರಿ ಎಳೆಯುತ್ತದೆ. ಆಗ ಆ ಡಬ್ಬ ಕೈ ಎತ್ತುತ್ತದೆ. ನೀನು ಕಾರ್ಡಿಗೆ ಮೂವತ್ತು ಸಾವಿರ ಕೊಟ್ಟು ಎಸ್‌ಎಂಪಿಎಸ್‌ನಲ್ಲಿ ಎರಡು ಸಾವಿರ ಉಳಿಸಿದೆ. ಕೋಪ ಮಾಡಿಕೊಳ್ಳಬೇಡ, ಅದು ಉಳಿತಾಯವಲ್ಲ.

ಯುಪಿಎಸ್ ಇದೆಯಲ್ಲ ಅನ್ನುತ್ತೀಯ. ಅದರ ಮೇಲಿನ 600 ವಿಎ ವ್ಯಾಟ್ ಅಲ್ಲ. ಹೆಚ್ಚುಕಮ್ಮಿ 360 ವ್ಯಾಟ್ ಅದರ ತಾಕತ್ತು. ಆಡುತ್ತಿರುವಾಗ ಕರೆಂಟ್ ಹೋದರೆ ಕಾರ್ಡು, ಪ್ರೊಸೆಸರ್, ಮಾನಿಟರ್ ಮೂರನ್ನೂ ಅದು ಹೊರಲಾರದು. ಬ್ಯಾಟರಿ ಹೊಸದಾದರೂ ಅಷ್ಟೆ.

ಅರ್ಥಿಂಗ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ. ಯಾಕೆಂದರೆ ಯಾರೂ ಹೇಳುವುದಿಲ್ಲ. ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ ಅನ್ನುತ್ತದೆಯೇ? “ಸ್ವಲ್ಪ ಶಾಕ್ ಹೊಡೆಯುತ್ತೆ, ಅಭ್ಯಾಸವಾಗಿದೆ” ಅಂತ ನಗುವ ಹುಡುಗರನ್ನು ಕಂಡರೆ ನನಗೆ ಹೊಟ್ಟೆ ಉರಿಯುತ್ತದೆ. ಎಸ್‌ಎಂಪಿಎಸ್‌ನ ಬಾಯಲ್ಲೇ ಫಿಲ್ಟರಿನ ಎರಡು ಕೆಪಾಸಿಟರ್ ಇರುತ್ತವೆ, ಒಂದು ಫೇಸ್‌ನಿಂದ, ಒಂದು ನ್ಯೂಟ್ರಲ್‌ನಿಂದ ಕ್ಯಾಬಿನೆಟ್ ಕಡೆಗೆ. ಅರ್ಥ್ ಇಲ್ಲದಿದ್ದರೆ ಕ್ಯಾಬಿನೆಟ್ ಮೇಲೆ 230ರಲ್ಲಿ ಅರ್ಧದಷ್ಟು ವೋಲ್ಟ್ ತೇಲುತ್ತಿರುತ್ತದೆ. ಕರೆಂಟ್ ಅತ್ಯಲ್ಪ, ಹಾಗಾಗಿ ಜುಮ್ ಅಂದು ಬಿಡುತ್ತದೆ. ಆದರೆ ಆ ಸ್ಥಿತಿಯಲ್ಲಿ ಟಿವಿಗೆ ಎಚ್‌ಡಿಎಂಐ ವೈರ್ ಚುಚ್ಚಿದರೆ ಕಾರ್ಡಿನ ಪೋರ್ಟ್ ಸುಟ್ಟುಹೋಗಬಹುದು. ನಮ್ಮದು ಕಲ್ಲುಭೂಮಿ, ಒಣನೆಲ. ಇದ್ದಿಲು, ಉಪ್ಪು ಹಾಕಿ ಚೆನ್ನಾಗಿ ಮಾಡಿದ ಅರ್ಥ್ ಗುಂಡಿಯೂ ಏಪ್ರಿಲ್ ಹೊತ್ತಿಗೆ ಒಣಗಿ, ಇದ್ದೂ ಇಲ್ಲದಂತಾಗುತ್ತದೆ. ಬೇಸಿಗೆಯಲ್ಲಿ ಗುಂಡಿಗೆ ಆಗಾಗ ಎರಡು ಕೊಡ ನೀರು ಹುಯ್ಯಿ. ವೈರಿಂಗ್ ಬಲ್ಲವನನ್ನು ಕರೆಸಿ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಎಷ್ಟು ವೋಲ್ಟ್ ಇದೆ ಅಂತ ಅಳೆಸು. ಮೂರ್ನಾಲ್ಕು ವೋಲ್ಟ್ ದಾಟಿದ್ದರೆ ಬಿಡಬೇಡ, ಸರಿಮಾಡಿಸು. ತ್ರೀ ಪಿನ್ ಪ್ಲಗ್ಗಿನ ದಪ್ಪ ಕಾಲನ್ನು ಮುರಿದು ಟೂ ಪಿನ್‌ಗೆ ಚುಚ್ಚುವ ಚಾಳಿಯನ್ನಂತೂ ಇವತ್ತೇ ಬಿಡು.

ಆಮೇಲೆ ವೈರು. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು 75 ವ್ಯಾಟ್, ಆರು ಪಿನ್ನಿನದು 75, ಎಂಟು ಪಿನ್ನಿನದು 150. ಕಾರ್ಡಿಗೆ ಎರಡು ಎಂಟು ಪಿನ್ ಬೇಕಾದರೆ ಎಸ್‌ಎಂಪಿಎಸ್‌ನಿಂದ ಎರಡು ಬೇರೆ ಬೇರೆ ವೈರ್ ಎಳೆ. ಒಂದೇ ವೈರಿನ ತುದಿಯಲ್ಲಿರುವ ಎರಡು ಬಾಯಿಯನ್ನು ನಂಬಬೇಡ. ಹೊಸ ಕಾರ್ಡುಗಳ ಸಣ್ಣ ಹದಿನಾರು ಪಿನ್ನಿನ ಕನೆಕ್ಟರ್ ಆದರೆ ಪೂರ್ತಿ ಕೂರುವ ತನಕ ಒತ್ತು. 2022ರಲ್ಲಿ ಆರ್‌ಟಿಎಕ್ಸ್ 4090 ಕಾರ್ಡುಗಳ ಕನೆಕ್ಟರ್ ಕರಗಿದ ಸುದ್ದಿ ಜಗತ್ತೆಲ್ಲ ಓಡಾಡಿತು. ಸರಿಯಾಗಿ ಕೂರದ ಪ್ಲಗ್ಗು ಅದಕ್ಕೆ ಒಂದು ಮುಖ್ಯ ಕಾರಣವಾಗಿತ್ತು.

ಧೂಳಿನ ವಿಷಯ ನಿನಗೇ ಗೊತ್ತು. ಚಿಕ್ಕಬಳ್ಳಾಪುರದ ಕ್ರಷರ್ ಕಡೆಯ ಮನೆಯಾದರೆ ಕಲ್ಲುಪುಡಿ, ಶಿಡ್ಲಘಟ್ಟದ ರೀಲಿಂಗ್ ಘಟಕದ ಪಕ್ಕವಾದರೆ ತೇವ ಸೇರಿದ ಎಳೆಎಳೆ ಧೂಳು. ಅದು ಹೀಟ್‌ಸಿಂಕ್ ಮೇಲೆ ಗಟ್ಟಿಯಾಗಿ ಕೂರುತ್ತದೆ. ಬ್ಲೋಯರ್ ಹಿಡಿಯುವಾಗ ಫ್ಯಾನನ್ನು ಬೆರಳಿನಿಂದ ತಡೆದು ಹಿಡಿ. ಗಾಳಿಗೆ ಗಿರ್ರನೆ ತಿರುಗಲು ಬಿಟ್ಟರೆ ಬೇರಿಂಗ್ ಹೋಗುತ್ತದೆ.

ಇಷ್ಟೆಲ್ಲ ಆದ ಮೇಲೂ ಏರಿಸಲೇಬೇಕು ಅನ್ನುತ್ತೀಯ. ಬೇಡ ಅನ್ನುವುದಿಲ್ಲ. ಯಂತ್ರದ ಹೊಟ್ಟೆಯೊಳಗೆ ಇಣುಕುವ ಆಸೆ ಒಳ್ಳೆಯದೇ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರ ಹೆಸರು ಕೇಳಿದ್ದೀಯ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳನ್ನು ಪರೀಕ್ಷಿಸಲೆಂದೇ ಸಮಿತಿ ಮಾಡಿದವರು. ಊರೆಲ್ಲ ನಂಬಿದೆ ಅನ್ನುವುದು ಅವರಿಗೆ ಪುರಾವೆಯೇ ಆಗಿರಲಿಲ್ಲ. ನಿನ್ನ ಯೂಟ್ಯೂಬ್ ಗುರುಗಳನ್ನೂ ಅದೇ ತಕ್ಕಡಿಯಲ್ಲಿ ತೂಗು. ಅವರಲ್ಲೊಬ್ಬ 200 ಮೆಗಾಹರ್ಟ್ಸ್ ಏರಿಸಿದ ಅಂದರೆ ಅವನ ಚಿಪ್ ತಡೆಯಿತು. ಒಂದೇ ಮಾದರಿಯ ಎರಡು ಚಿಪ್‌ಗಳ ತಾಳಿಕೆ ಒಂದೇ ಆಗಿರುವುದಿಲ್ಲ.

ನೀನು 15 ಮೆಗಾಹರ್ಟ್ಸ್‌ನಂತೆ ಏರಿಸು. ಕೋರ್ ಮುಗಿಯುವ ತನಕ ಮೆಮೊರಿ ಮುಟ್ಟಬೇಡ. ಪ್ರತಿ ಸಲವೂ ಒಂದು ನೋಟ್‌ಬುಕ್ಕಿನಲ್ಲಿ ವೇಗ, ಶಾಖ, ಫ್ರೇಮ್, ಹೊತ್ತು ಬರೆ. ಕಾರ್ಡನ್ನು ದಣಿಸಿ ನೋಡುವ ಫರ್‌ಮಾರ್ಕ್ ಒಂದು ಗಂಟೆ ಓಡಿತು ಅಂತ ಬೀಗಬೇಡ. ಅದು ಕಾರ್ಡನ್ನು ವ್ಯಾಟಿನ ಮಿತಿಗೆ ತಳ್ಳುತ್ತದೆ, ಆಗ ಕಾರ್ಡು ತಾನೇ ವೇಗ ಇಳಿಸಿಕೊಳ್ಳುತ್ತದೆ. ನೀನು ಏರಿಸಿದ ವೇಗಕ್ಕೆ ಪರೀಕ್ಷೆಯೇ ಆಗಿರುವುದಿಲ್ಲ. ನೀನು ದಿನಾ ಆಡುವ ಆಟವನ್ನೇ ಆಡಿ ನೋಡು. ಡಿಸೆಂಬರಿನ ಚಳಿಯಲ್ಲಿ ನಿಂತ ಸೆಟ್ಟಿಂಗು ಏಪ್ರಿಲ್ ಮಧ್ಯಾಹ್ನ 35 ಡಿಗ್ರಿಯಲ್ಲಿ ನಿಲ್ಲುತ್ತದೆ ಅಂತ ಖಾತ್ರಿಯಿಲ್ಲ. ಮೆಮೊರಿಯದು ಇನ್ನೊಂದು ಕಳ್ಳಾಟ. ಈಚಿನ ಕಾರ್ಡುಗಳಲ್ಲಿ ಜಾಸ್ತಿ ಏರಿಸಿದರೆ ತಪ್ಪಿದ ಮಾಹಿತಿಯನ್ನು ಅದು ಮತ್ತೆ ಕಳಿಸುತ್ತದೆ, ಕ್ರ್ಯಾಶ್ ಆಗುವುದಿಲ್ಲ. ಫ್ರೇಮ್ ಮಾತ್ರ ಸದ್ದಿಲ್ಲದೆ ಕಡಿಮೆಯಾಗುತ್ತದೆ. ಬರೆದಿಟ್ಟುಕೊಂಡವನ ಕಣ್ಣಿಗೆ ಮಾತ್ರ ಅದು ಬೀಳುತ್ತದೆ.

ನನ್ನನ್ನು ಕೇಳಿದರೆ ಅಂಡರ್‌ವೋಲ್ಟ್ ಮಾಡು. ವೇಗ ಅಷ್ಟೇ ಇಟ್ಟು ವೋಲ್ಟ್ ತುಸು ಇಳಿಸಿದರೆ ಶಾಖ, ಸದ್ದು, ಕರೆಂಟು ಮೂರೂ ಇಳಿಯುತ್ತವೆ. ಕಂಪನಿಯವರೇ ಕಾರ್ಡನ್ನು ಹಿಂಡಿ ಕೊಟ್ಟಿರುವ ಈ ಕಾಲದಲ್ಲಿ ಓವರ್‌ಕ್ಲಾಕ್‌ನಿಂದ ಸಿಗುವುದು ನೂರಕ್ಕೆ ಐದಾರು ಫ್ರೇಮ್. ನಿನ್ನ 75 ಹರ್ಟ್ಸ್ ಮಾನಿಟರಿನಲ್ಲಿ ಅದು ಕಾಣುವುದೂ ಇಲ್ಲ.

ನಿನ್ನ ಗೆಳೆಯ ಬೆಂಗಳೂರಿನ ಎಸ್.ಪಿ. ರೋಡಿನಿಂದ ಸೆಕೆಂಡ್ ಹ್ಯಾಂಡ್ ಕಾರ್ಡ್ ತಂದನಂತೆ. ಅವನಿಗೂ ಒಂದು ಮಾತು. 2022ರ ಸೆಪ್ಟೆಂಬರ್ 15ರಂದು, ನಮ್ಮ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರ ಹುಟ್ಟುಹಬ್ಬದ ದಿನವೇ, ಎಥೀರಿಯಂ ಅನ್ನುವ ಡಿಜಿಟಲ್ ನಾಣ್ಯಕ್ಕೆ ಗ್ರಾಫಿಕ್ಸ್ ಕಾರ್ಡಿನ ಮೈನಿಂಗ್ ಬೇಕಿಲ್ಲ ಅಂತಾಯಿತು. ಹಗಲೂ ರಾತ್ರಿ ದುಡಿದ ಕಾರ್ಡುಗಳು ಸಂತೆಗೆ ಬಂದವು. ಆರ್‌ಎಕ್ಸ್ 570, 580ರಂಥವುಗಳಲ್ಲಿ ಎಷ್ಟಕ್ಕೋ ಮೈನಿಂಗ್‌ಗೆಂದು ಬಯಾಸ್ ಬದಲಿಸಿದ್ದರು. ಆಟ ಹಾಕಿದ ಕೂಡಲೇ ಚುಕ್ಕಿ ಬಂದರೆ ಮೊದಲು ಮೂಲ ಬಯಾಸ್ ಹಾಕಿಸಲಿ. ಎರಡು ಬಯಾಸ್ ಇರುವ ಕಾರ್ಡಾದರೆ ಪಕ್ಕದ ಪುಟ್ಟ ಸ್ವಿಚ್ ಸರಿಸಿದರೆ ಸಾಕಾಗಬಹುದು. ಆಮೇಲೆ ಥರ್ಮಲ್ ಪ್ಯಾಡ್, ಪೇಸ್ಟ್ ನೋಡಲಿ.

ಎಲ್ಲ ಮುಗಿದ ಮೇಲೂ ಗುಣವಾಗದಿದ್ದರೆ ಕಾರ್ಡನ್ನು ಬಿಚ್ಚಿ, ಒಳ್ಳೆಯ ಎಸ್‌ಎಂಪಿಎಸ್ ಇರುವ ಬೇರೆಯವರ ಸಿಸ್ಟಮ್‌ಗೆ ಹಾಕಿ ಒಂದು ಸಂಜೆ ಆಡು. ಅಲ್ಲಿ ಚೆನ್ನಾಗಿ ನಡೆದರೆ ದೋಷ ನಿನ್ನ ಮನೆಯಲ್ಲಿದೆ. ಅಲ್ಲೂ ಬಿದ್ದರೆ ಕಾರ್ಡಿನದೇ ದೋಷ, ಬಿಲ್ಲು ಹಿಡಿದು ವಾರಂಟಿಗೆ ಕಳಿಸು. ಒವನ್‌ನಲ್ಲಿಟ್ಟು ಬೇಯಿಸಿದರೆ ಸರಿಹೋಗುತ್ತದೆ ಅನ್ನುವ ವಿಡಿಯೋ ನೋಡಿಕೊಂಡು ನಿನ್ನ ಅಮ್ಮನ ಒವನ್‌ಗೆ ಕೈ ಹಾಕಬೇಡ. ವಾರವೋ ತಿಂಗಳೋ ಓಡಿ ಮತ್ತೆ ಮಲಗುತ್ತದೆ, ವಾರಂಟಿಯೂ ಹೋಗುತ್ತದೆ, ಅದರ ಹೊಗೆ ಅಡುಗೆಮನೆಗೆ ಹಿಡಿಯುತ್ತದೆ. ಭಾನುವಾರ ಅಂಗಡಿ ತೆಗೆದಿರುತ್ತೆ. ಕಾರ್ಡೊಂದನ್ನೇ ತರಬೇಡ, ಎಸ್‌ಎಂಪಿಎಸ್, ವೈರುಗಳು, ನೋಟ್‌ಬುಕ್ಕು ಎಲ್ಲ ತಗೊಂಡು ಬಾ.